ಪಿಸ್ತೂಲು ಕೊಳ್ಳುವ ಮುಂಚೆ

ನಮಸ್ಕಾರ. ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿಗೆ ಮಕ್ಕಳನ್ನು ಕಳಿಸುತ್ತಿರುವವರು ದಯವಿಟ್ಟು ಓದಿ.

ಶುರುವಿಗೆ 4.5 ಮಿ.ಮೀ. ಏರ್ ಪಿಸ್ತೂಲೇ ಸಾಕು. 10 ಮೀಟರ್ ಸ್ಪರ್ಧೆಗೆ ಬೇಕಾದದ್ದೂ ಅದೇ. .22 (ಮದ್ದಿನ ಗುಂಡು ಹಾರಿಸುವ ಪಿಸ್ತೂಲು) ಅಂದರೆ ಲೈಸೆನ್ಸ್, ಗುಂಡಿನ ಖರ್ಚು, ಎಲ್ಲ ತಲೆನೋವು. 25 ಮೀಟರಿಗೆ ಹೋದಾಗ ನೋಡೋಣ.

ಬ್ರ್ಯಾಂಡ್ ಆಮೇಲೆ, ಮೊದಲು ಹಿಡಿ (ಗ್ರಿಪ್) ನೋಡಿ. ಹೆಬ್ಬೆರಳ ಬುಡದಲ್ಲಿ ಸಂದು ಉಳಿದರೆ, ತೋರುಬೆರಳ ತುದಿ ಟ್ರಿಗರ್ ಮೇಲೆ ನೇರ ಕೂರದಿದ್ದರೆ, ಎಷ್ಟು ದುಬಾರಿಯದಾದರೂ ದಂಡ. ಅಳತೆವಾರು ಹಿಡಿಗಳು ಸಿಗುತ್ತವೆ. ಕೈ ಬೆಳೆದಂತೆ ಬದಲಿಸಬಹುದು. ಸ್ಪರ್ಧೆಯ ನಿಯಮದಂತೆ ಟ್ರಿಗರ್ ಎಳೆಯಲು ಬೇಕಾದ ಭಾರ ಕನಿಷ್ಠ 500 ಗ್ರಾಂ, ಪಿಸ್ತೂಲಿನ ತೂಕ ಗರಿಷ್ಠ 1500 ಗ್ರಾಂ.

ಸೆಕೆಂಡ್‌ಹ್ಯಾಂಡ್ ಆದರೆ ಗಾಳಿ ತುಂಬುವ ಸಿಲಿಂಡರ್ ಮೇಲಿನ ತಯಾರಿಕೆಯ ತಾರೀಖು ನೋಡಲೇಬೇಕು: 10 ವರ್ಷ ದಾಟಿದ್ದು ಬೇಡ, ಎಷ್ಟೇ ಅಗ್ಗವಾಗಿರಲಿ.

ದುಡ್ಡು ಕೊಡುವ ಮುಂಚೆ ಕೋಚ್ ಎದುರು ಮಗು ಹಿಡಿದು ನೋಡಲಿ.