ತೊಡದೇವು ತಿಂದ ಮೇಲೆ

ಚಿ. ತಂಗಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಇಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವವರು ಎರಡು ದಿನ ಬಂದರು, ಮೂರನೇ ದಿನ ಆಕಾಶ ನೋಡಿ ಮನೆಯಲ್ಲೇ ಉಳಿದರು. ಉಳಿದ ಸುದ್ದಿಯೆಲ್ಲ ನಿನ್ನ ಹೆತ್ತ ಆಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನೀನು ಟ್ರಯಂಫ್ ಸ್ಕ್ರಾಂಬ್ಲರ್ ಕೊಳ್ಳುತ್ತೇನೆ ಎಂದದ್ದೂ, ಹುಡುಗಿಗೆ ಬೈಕ್ ಯಾಕೆ ಎನ್ನುವ ಗಲಾಟೆಯೂ ಎಲ್ಲರಿಗೂ ಬಾಯಿಪಾಠ. ಅದನ್ನೆಲ್ಲ ಬಿಡುತ್ತೇನೆ.

ನಿನ್ನ ಕಾಗದದ ಕೊನೆಗೆ, ಸಹಿಯಿಂದ ಸ್ವಲ್ಪ ಮೇಲೆ, ಒಂದು ಮಾತಿದೆ. ‘ಶೋರೂಮಿನವರು ಬೈಕನ್ನು ಕಾರವಾರಕ್ಕೇ ತಂದು ಟೆಸ್ಟ್ ರೈಡ್ ಕೊಡ್ತಾರಂತೆ ಮಾವ. ಅಷ್ಟು ದೂರ ತಂದ ಮೇಲೆ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಅದಕ್ಕೇ ಓಡಿಸದೇ ಬುಕ್ ಮಾಡಿಬಿಡೋಣ ಅಂತಿದ್ದೇನೆ.’ ನೀನು ತಮಾಷೆಗೆ ಬರೆದಿರಬಹುದು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಮತ್ತೊಮ್ಮೆ ಓದಿದೆ. ಏನಾಯ್ತು ಎಂದು ನಿನ್ನ ಅತ್ತೆ ಕೇಳಿದಳು. ಸೊಳ್ಳೆ ಎಂದೆ.

ಬಿದ್ದರೆ ಏನು ಗತಿ ಎಂದು ಬರೆದಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ. ದುಡ್ಡು ಸಾಲದು ಎಂದಿದ್ದರೂ ಆಗುತ್ತಿರಲಿಲ್ಲ. ಈ ‘ಬೇಡ ಅನ್ನಲಾರೆ’ ಎನ್ನುವುದು ನನ್ನ ಕಾಯಿಲೆ. ಅದು ನಿನಗೆ ಎಲ್ಲಿಂದ ಬಂತೋ. ಸೊಸೈಟಿ ಜಾಮೀನಿನ ಕಥೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಗೊತ್ತಿಲ್ಲದ ಇನ್ನೊಂದಿದೆ.

1986ರ ಮಾತು. ಆಲೆಮನೆಯ ಕಾಲ. ಸಿದ್ದಾಪುರದ ಕಡೆ ಒಬ್ಬರು ಯೆಜ್ಡಿ ಮಾರುತ್ತಾರೆ ಎಂದು ಗೊತ್ತಾಗಿ ಬಸ್ಸು ಹತ್ತಿ ಹೋದೆ. ಯೆಜ್ಡಿ ಅಂದರೆ ಆಗ ನಮ್ಮ ಮೈಸೂರಿನದೇ ಗಾಡಿ, ಐಡಿಯಲ್ ಜಾವಾ ಕಾರ್ಖಾನೆಯದು. 250 ಸಿಸಿ, ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಿಕ್ಕರ್ ಬೇರೆ, ಗೇರ್ ಬೇರೆ ಎಂದಿಲ್ಲ, ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗಿಳಿಸಿದರೆ ಗೇರ್. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೆಸರು ಮಾತ್ರ 2022ರಲ್ಲಿ ತಿರುಗಿ ಬಂತು, ಅದರಲ್ಲೂ ನಿನ್ನದರಂಥ ಒಂದು ಸ್ಕ್ರಾಂಬ್ಲರ್ ಇತ್ತಂತೆ. ಎಲ್ಲಿಗೋ ಹೋದೆ.

ಅವರ ಮನೆಯ ಜಗಲಿಯಲ್ಲಿ ಕೂತದ್ದೇ ಕಬ್ಬಿನ ಹಾಲು ಬಂತು. ಆಮೇಲೆ ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು, ಮೇಲೆ ತುಪ್ಪ. ಅವರ ತಾಯಿ ಬಿಸಿ ಮಡಕೆಯ ಮುಂದೆ ಕೂತು ನನಗಾಗಿಯೇ ಮಾಡಿದ್ದು. ಇನ್ನೊಂದು, ಇನ್ನೊಂದು ಎಂದು ನಾಲ್ಕು ತಿನ್ನಿಸಿದರು. ಅಷ್ಟು ತಿಂದ ಮೇಲೆ ‘ಒಂದು ಸುತ್ತು ಓಡಿಸಿ ನೋಡಲಾ’ ಎಂದು ಕೇಳಲು ನಾಲಗೆ ಏಳಲಿಲ್ಲ. ನಂಬಿಕೆ ಇಲ್ಲವಾ ಅಂದುಕೊಂಡರೆ? ಅಲ್ಲೇ ದುಡ್ಡು ಎಣಿಸಿ ಕೊಟ್ಟೆ.

ಮೊದಲ ತಿರುವಿನಲ್ಲೇ ಎರಡನೇ ಗೇರ್ ಜಾರಿ ನ್ಯೂಟ್ರಲ್ ಆಯಿತು. ಮತ್ತೆ ಹಾಕಿದೆ. ಮತ್ತೆ ಜಾರಿತು. ಅವರ ಮನೆ ಇನ್ನೂ ಕಾಣುತ್ತಿತ್ತು. ಉಣುಗೋಲಿನ ಗೇಟಿನ ಹತ್ತಿರ ಮನೆಮಂದಿಯೆಲ್ಲ ನಿಂತಿದ್ದರು. ತಿರುಗಿ ಹೋಗಿ ಹೀಗಾಗ್ತಿದೆ ಎಂದು ಹೇಳಬಹುದಿತ್ತು. ನಾನು ಕೈ ಬೀಸಿದೆ. ಅವರೂ ಬೀಸಿದರು. ಅವರಿಗೆ ಗೊತ್ತಿದ್ದೂ ಮಾರಿದರು ಎಂದು ನಾನು ಹೇಳುವುದಿಲ್ಲ. ಕೇಳಿದವನೇ ನಾನಲ್ಲ. ಆ ಕೈ ಬೀಸಿದ್ದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆ ಬೇಸಿಗೆಯಲ್ಲಿ ಕುಮಟಾದಲ್ಲಿ ಒಂದು ಮದುವೆ. ನಿನ್ನ ಆಯಿ ಹಿಂದೆ ಕೂತಿದ್ದಳು. ಅವಳಿಗೆ ಇನ್ನೂ ಮದುವೆ ಆಗಿರಲಿಲ್ಲ. ಉಟ್ಟದ್ದು ಹೊಸ ಸೀರೆ. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರ್ ಬಿಟ್ಟುಕೊಟ್ಟಿತು. ಟೂ ಸ್ಟ್ರೋಕ್ ಗಾಡಿಗೆ ಇಳಿಜಾರಿನಲ್ಲಿ ಇಂಜಿನ್ ಹಿಡಿತ ಮೊದಲೇ ಕಡಿಮೆ, ನ್ಯೂಟ್ರಲ್ ಆದರೆ ಅಷ್ಟೂ ಇಲ್ಲ. ಡ್ರಮ್ ಬ್ರೇಕ್ ಕಾದು ಹಿಡಿಯುವುದನ್ನೇ ಬಿಟ್ಟಿತು. ನಾಲ್ಕು ತಿರುವು ಹೇಗೆ ದಾಟಿದೆನೋ ಗೊತ್ತಿಲ್ಲ. ಕೊನೆಗೆ ರಸ್ತೆ ಬದಿಯ ಮಣ್ಣಿನ ಧರೆಗೆ ಒರೆಸಿ ನಿಲ್ಲಿಸಿದೆ. ಸೀರೆ ಹರಿಯಿತು, ಬೇರೆ ಏನೂ ಆಗಲಿಲ್ಲ. ಅವಳು ಧೂಳು ಕೊಡವಿಕೊಂಡು, ‘ಗೇರ್ ನಿಲ್ಲೋದಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ ಅಣ್ಣಾ?’ ಎಂದಳು. ಗೊತ್ತಿತ್ತು ಎಂದೆ. ಉಳಿದ ದಾರಿ ಬಸ್ಸಿಗೆ ಹೋದಳು. ಆಮೇಲೆ ನನ್ನ ಹಿಂದೆ ಮಾತ್ರ ಅಲ್ಲ, ಯಾರ ಗಾಡಿಯ ಹಿಂದೆಯೂ ಕೂರಲಿಲ್ಲ.

ಆಯಿ ಬೈಕ್ ಬೇಡ ಎನ್ನುವುದು ನೀನು ಹುಡುಗಿ ಎಂದಲ್ಲ ಕೂಸೇ. ನನ್ನ ದೆಸೆಯಿಂದ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಈಗ ನಿನ್ನ ಬೈಕಿಗೆ ಬರುತ್ತೇನೆ. ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ, ನಗಬೇಡ. ಟ್ರಯಂಫ್ ಸ್ಕ್ರಾಂಬ್ಲರ್ 400 ಎಕ್ಸ್. ಹೆಸರು ಇಂಗ್ಲೆಂಡಿನದು, ತಯಾರಾಗುವುದು ಪುಣೆ ಹತ್ತಿರದ ಚಾಕಣದಲ್ಲಿ, ಬಜಾಜ್‌ನವರ ಕೈಯಲ್ಲಿ. 2023ರಲ್ಲಿ ಬಂದದ್ದು. 398 ಸಿಸಿ, 40 ಪಿಎಸ್ ಶಕ್ತಿ. ನನ್ನ ಯೆಜ್ಡಿಗೆ ಅದರ ಅರ್ಧ ಶಕ್ತಿಯೂ ಇರಲಿಲ್ಲ. ಹಿಂದೆ ಆ ಕಡೆಯ ಹುಡುಗರು ರಸ್ತೆಯ ಬೈಕಿಗೇ ಗಟ್ಟಿ ಹಲ್ಲಿನ ಟೈರ್ ಹಾಕಿ, ಸೈಲೆನ್ಸರ್ ಮೇಲೆತ್ತಿ ಕಟ್ಟಿ ಮಣ್ಣಿನಲ್ಲಿ ರೇಸ್ ಬಿಡುತ್ತಿದ್ದರಂತೆ. ಆ ರೂಪವನ್ನೇ ಈಗ ಹೊಸದಾಗಿ ಮಾಡಿದ್ದು. ನೋಡಲು ಚಂದ, ಅದಕ್ಕೆ ಎರಡು ಮಾತಿಲ್ಲ. ಆದರೆ ಸೀಟು 835 ಮಿಲಿಮೀಟರ್ ಎತ್ತರ. ಅಂದರೆ ಹತ್ತಿರಹತ್ತಿರ 33 ಇಂಚು. ರಾಯಲ್ ಎನ್‌ಫೀಲ್ಡಿನ ಸ್ಕ್ರಾಮ್ 411ರಲ್ಲಿ 795. ನಾಲ್ಕು ಸೆಂಟಿಮೀಟರ್ ಏನು ಮಹಾ ಅನ್ನಬೇಡ. ಇಳಿಜಾರಿನಲ್ಲಿ ನಿಂತಾಗ ಕಾಲು ತಡಕಾಡುವುದು ಅಷ್ಟಕ್ಕೇ. ಗಾಡಿಯ ತೂಕ 180 ಕೆಜಿಯ ಆಸುಪಾಸು. ನೀನು ನಿನ್ನ ಆಯಿಯಷ್ಟೇ ಎತ್ತರ. ಇದನ್ನು ಓಡಿಸದೇ ಬುಕ್ ಮಾಡುವುದಾ?

ಸ್ಟಾರ್ಟ್ ಮಾಡುವ ಮೊದಲು ಸುಮ್ನೆ ಕೂತು ನೋಡು. ಇಳಿದು ಹಿಂದಕ್ಕೆ ತಳ್ಳಿ ನೋಡು. ದಿನವೂ ಹಾಕುವ ಶೂ ಹಾಕಿಕೊಂಡೇ ಹೋಗು, ಹಿಮ್ಮಡಿ ಎತ್ತರದ್ದು ಬೇಡ. ಲೈಸೆನ್ಸ್ ಮರೆಯಬೇಡ. ಇದೆಲ್ಲ ನಿನಗೆ ಗೊತ್ತಿರುತ್ತದೆ, ಮುದುಕನ ಬಾಯಿ ನಿಲ್ಲುವುದಿಲ್ಲ.

ಮತ್ತೆ ಅಲ್ಲಿಗೇ ಬರುತ್ತೇನೆ. ಶೋರೂಮಿನವನು ಅಷ್ಟು ದೂರ ತರುತ್ತಾನೆ ಎಂದೆಯಲ್ಲ, ತರುವುದು ಅವನ ಕೆಲಸ. ಡೆಮೊ ಗಾಡಿ ಇಟ್ಟಿರುವುದೇ ಅದಕ್ಕೆ. ಮೇಡಂ ಮೇಡಂ ಎನ್ನುತ್ತಾನೆ, ಕಾಫಿ ಕೊಡಿಸುತ್ತೇನೆ ಎನ್ನುತ್ತಾನೆ. ಕುಡಿ, ಆದರೆ ದುಡ್ಡು ನೀನು ಕೊಡು. ಸ್ವಲ್ಪ ಹಗುರ ಅನ್ನಿಸಬಹುದು. ನನಗೆ ಆಗ ಇದು ಹೊಳೆಯಲಿಲ್ಲ. ಹೊಳೆದಿದ್ದರೂ ತೊಡದೇವಿಗೆ ದುಡ್ಡು ಕೊಡಲು ಬರುತ್ತದಾ?

ಆ ಯೆಜ್ಡಿಯನ್ನು ಮಾರಲು ಇಟ್ಟಾಗ ಬನವಾಸಿ ಕಡೆಯಿಂದ ಒಬ್ಬ ಬಂದಿದ್ದ. ಗೇರಿನ ವಿಷಯ ನಾನೇ ಹೇಳಿದೆ, ಅಷ್ಟಾದರೂ ಬುದ್ಧಿ ಬಂದಿತ್ತು. ಅವನು ಒಂದು ತಾಸು ಓಡಿಸಿ ಬಂದು, ‘ಬೇಡ ಹೆಗಡೇರೇ, ಈ ಗಾಡಿ ನನಗಾಗೂದಿಲ್ಲ’ ಎಂದ. ಹೇಳಿ, ಕೈಕಾಲು ತೊಳೆದು ನಮ್ಮಲ್ಲೇ ಊಟಕ್ಕೆ ಕೂತ. ಎರಡು ಸಲ ತಂಬುಳಿ ಹಾಕಿಸಿಕೊಂಡ. ನನಗೆ ಈಗ ಬೇಸರ ಬರುತ್ತದೆ, ಆಮೇಲೆ ಬರುತ್ತದೆ ಎಂದು ಕಾದೆ. ಬರಲೇ ಇಲ್ಲ. ನಾಲ್ಕು ದಿನಕ್ಕೆ ಅವನ ಹೆಸರೂ ಮರೆತಿತ್ತು. ಸಿದ್ದಾಪುರದವರೂ ಹಾಗೇ ನನ್ನನ್ನು ಮರೆಯುತ್ತಿದ್ದರು, ಅಲ್ವಾ? ಇದನ್ನು ಯೋಚಿಸಿಕೊಂಡೇ ಮೊನ್ನೆ ರಾತ್ರಿ ಕಳೆದದ್ದು.

ಓಡಿಸುವಾಗ ಹೈವೇಯಲ್ಲೇ ಹೋಗಿ ಬಂದರೆ ಏನೂ ಗೊತ್ತಾಗುವುದಿಲ್ಲ. ಹೊಂಡ ಇರುವ ಒಳರಸ್ತೆಯೂ ಒಂದು ಸಿಗಲಿ. ನಿಧಾನಕ್ಕೆ ಒಂದು ಯು ಟರ್ನ್ ಹೊಡೆ. ಸಿಗ್ನಲ್ಲಿನಲ್ಲಿ ನಿಂತಾಗ ಕಾಲಿಗೆ ಬಿಸಿ ಬಡಿಯುತ್ತದಾ ನೋಡು. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್ ಅನ್ನು ಮಣ್ಣುರಸ್ತೆಗೆ ಎಂದು ಬಂದ್ ಮಾಡುವ ವ್ಯವಸ್ಥೆ ಇದೆಯಂತೆ, ಈ ಮಳೆಯಲ್ಲಿ ಅದರ ತಂಟೆ ಬೇಡ. ಆಯಿತು, ಸಾಕು. ಅವತ್ತೇ ಮಾತ್ರ ಬುಕಿಂಗ್ ದುಡ್ಡು ಕೊಡಬೇಡ. ‘ನೋಡ್ವ’ ಎಂದು ಹೇಳಿ ಬಾ. ನಮ್ಮ ಕಡೆಯ ‘ನೋಡ್ವ’ ಹೌದೂ ಅಲ್ಲ, ಅಲ್ಲವೂ ಅಲ್ಲ. ನಿನ್ನಂಥವರಿಗೆಂದೇ ಯಾರೋ ಮಾಡಿಟ್ಟ ಮಾತು ಅದು.

ಇನ್ನೊಂದು ವಿಷಯ, ಅತ್ತೆಗೆ ಹೇಳಬೇಡ. ನಿನ್ನ ಬೈಕನ್ನು ನಾನು ಮುಟ್ಟಿ ನೋಡಿದ್ದೇನೆ. ಮೇ ತಿಂಗಳಲ್ಲಿ ಕೆಳಗಿನ ಮನೆಯ ಹೋಮ್‌ಸ್ಟೇಗೆ ಬೆಂಗಳೂರಿನ ಹುಡುಗನೊಬ್ಬ ಅದರಲ್ಲೇ ಬಂದಿದ್ದ. ಕೂತೆ. ತುದಿಗಾಲಲ್ಲಿ ನಿಲ್ಲಿಸಿಕೊಂಡೆ. ಆ ಹುಡುಗ ಕೀ ಚಾಚಿ, ‘ಒಂದು ರೌಂಡ್ ಹೋಗಿ ಬನ್ನಿ ಅಂಕಲ್’ ಎಂದ. ಬೇಡ ಎಂದುಬಿಟ್ಟೆ. ಜೀವಮಾನದಲ್ಲಿ ಸಲೀಸಾಗಿ ಬಾಯಿಗೆ ಬಂದ ‘ಬೇಡ’ ಅದೊಂದೇ. ಅವನು ಮರುದಿನ ಬೆಳಿಗ್ಗೆ ಹೋದ. ಸದ್ದು ಯಾಣದ ಕಡೆ ಇಳಿಯುವವರೆಗೂ ಅಂಗಳದಲ್ಲಿ ನಿಂತಿದ್ದೆ.

ಟೆಸ್ಟ್ ರೈಡಿನ ದಿನ ನಾನೂ ಕಾರವಾರಕ್ಕೆ ಬರಲಾ? ಬೆಳಗಿನ ಬಸ್ಸಿಗೆ ಬಂದು ಸಂಜೆ ತಿರುಗುತ್ತೇನೆ. ಮಾತಾಡುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ ಅಷ್ಟೇ. ನಾನು ಬರುವುದು ಬೇಡ ಎನ್ನಿಸಿದರೆ ಬೇಡ ಎಂದೇ ಬರೆ. ‘ನೋಡ್ವ’ ಎಂದು ನನಗೆ ಬರೆಯಬೇಡ.

ಇಂತಿ ನಿನ್ನ
ಮಾವ

ಅಪ್ಪೆಮಿಡಿಯ ಡಬ್ಬಿ ಕಟ್ಟಿ ಇಟ್ಟಿದ್ದಾಳೆ ಅತ್ತೆ. ಬಂದರೆ ತರುತ್ತೇನೆ, ಇಲ್ಲದಿದ್ದರೆ ಬಸ್ಸಿಗೆ ಹಾಕುತ್ತೇನೆ.