ಜೋಶಿಯವರೇ, ವಾಪಸ್ ಬಂದ ಸರಕಿನ ಅಂಕಿ ಸರ್ಕಾರದ ಕೈಯಲ್ಲೇ ಇದೆ

ಸನ್ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು, ಧಾರವಾಡದ ಸಂಸದರು

ಸಾದರ ನಮಸ್ಕಾರಗಳು.

ತಮಗೆ ನಿಯಮ ಹೇಳಿಕೊಡುವ ಧೈರ್ಯ ನನಗಿಲ್ಲ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ತಮ್ಮ ಇಲಾಖೆಯವೇ. 5ನೇ ನಿಯಮದ 5ನೇ ಉಪನಿಯಮವನ್ನು ಮಾತ್ರ ಇನ್ನೊಮ್ಮೆ ತೆಗೆದು ನೋಡಿ. ಕಾಪಿರೈಟ್, ಟ್ರೇಡ್‌ಮಾರ್ಕ್, ಐಟಿ ಕಾಯ್ದೆಗಳ ಅಡಿ ತೆಗೆದುಹಾಕಿಸಿದ ಸರಕನ್ನು ಪದೇಪದೇ ತಂದಿಡುವ ಸೆಲ್ಲರ್‌ಗಳ ದಾಖಲೆಯನ್ನು ಆನ್‌ಲೈನ್ ಮಾರುಕಟ್ಟೆ ಇಡಬೇಕು ಎಂದಿದೆ. ಅಂದರೆ ಕಂಪನಿಯ ಲೋಗೊ ಕದ್ದವನಿಗೆ ಒಂದು ಖಾತೆ ಉಂಟು, ಗ್ರಾಹಕನ ದುಡ್ಡು ನುಂಗಿದವನಿಗೆ ಇಲ್ಲ. ಹೆಸರು ಮಾತ್ರ ಗ್ರಾಹಕ ಸಂರಕ್ಷಣೆ.

ನನ್ನ ಬೇಡಿಕೆ ಒಂದೇ. ಆ ಉಪನಿಯಮಕ್ಕೆ ಒಂದು ಸಾಲು ಸೇರಿಸಿ: ರಿಫಂಡ್, ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕೊಟ್ಟ ದುಡ್ಡನ್ನು ಬ್ಯಾಂಕ್ ಮೂಲಕ ಮರಳಿ ಪಡೆಯುವುದು) ದರ ಮಿತಿ ಮೀರಿದ ಸೆಲ್ಲರ್‌ನ ದಾಖಲೆ ಪ್ಯಾನ್ ನಂಬರಿನ ಮೇಲೆ ಇರಬೇಕು, ಆ ದರ ಸರಕಿನ ಪುಟದಲ್ಲಿ ಬೆಲೆಯ ಪಕ್ಕ ಕಾಣಬೇಕು.

ನಮ್ಮ ಕಡೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಕೈಮಗ್ಗದ ಇಳಕಲ್‌ನಲ್ಲಿ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳು) ಸೆರಗಿನ ರೇಷ್ಮೆ ಹಾಸಿಗೂ ಕೊಂಡಿ ಹಾಕಿ ಕೂಡಿಸುತ್ತಾರೆ, ಆ ಕೂಡಿಕೆ ಬೆರಳಿಗೆ ಹತ್ತುತ್ತದೆ. ಆನ್‌ಲೈನ್‌ನಲ್ಲಿ ಫೋಟೊ ಅದರದ್ದು, ಪೊಟ್ಟಣದಲ್ಲಿ ಬರುವುದು ಪಾಲಿಯೆಸ್ಟರ್. ಸೆರಗೂ ಒಡಲೂ ಒಂದೇ ಥಾನು, ಕೂಡಿಕೆ ಬರಬೇಕಾದಲ್ಲಿ ಬಣ್ಣದ ಪ್ರಿಂಟು. ಕ್ಯಾಶ್ ಆನ್ ಡೆಲಿವರಿ ಆದ್ದರಿಂದ ದುಡ್ಡು ಎಣಿಸಿ ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚುವುದು.

ಸರಿ, ಆಪ್‌ನಲ್ಲಿ ವಾಪಸ್ ಒತ್ತುತ್ತಾರೆ. ಎರಡು ದಿನಕ್ಕೆ ಪಿಕಪ್ ಹುಡುಗ ಬರುತ್ತಾನೆ. ಅವನ ಫೋನಿನಲ್ಲಿ ಆ ಲಿಸ್ಟಿಂಗ್‌ನ ಫೋಟೊ, ಕೆಳಗೆ ಪ್ರಶ್ನೆಗಳು: ಬಣ್ಣ ಹೊಂದುತ್ತದೆಯೇ, ಟ್ಯಾಗ್ ಇದೆಯೇ, ಫೋಟೊದಲ್ಲಿರುವ ಸರಕೇ ಇದು? ಪಾಪ, ಅವನು ಪ್ರಾಮಾಣಿಕವಾಗಿ 'ಇಲ್ಲ' ಒತ್ತುತ್ತಾನೆ. ತಪಾಸಣೆಯಲ್ಲಿ ಫೇಲ್, ರಿಟರ್ನ್ ರದ್ದು. ಬೇರೆ ಸೀರೆ ಬಂದಿದೆ ಅಂತಲೇ ವಾಪಸ್ ಹಾಕಿದ್ದು. ಬೇರೆ ಸೀರೆ ಇದೆ ಅಂತಲೇ ವಾಪಸ್ ಬೇಡವಾದದ್ದು! ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ನೀವೇ ಬದಲಿಸಿ ಕೊಟ್ಟಿದ್ದೀರಿ ಎಂಬ ದನಿ.

ಮನೆಯೊಡತಿಯ 1,499 ರೂಪಾಯಿ ಹೋಯಿತು, ಅದು ಒಂದು. ಅದಕ್ಕಿಂತ ಕೆಟ್ಟದ್ದು ಇದು: ಸೆಲ್ಲರ್‌ನ ಖಾತೆಯಲ್ಲಿ ಈ ಆರ್ಡರ್ 'ಡೆಲಿವರಿ ಆಗಿದೆ, ರಿಟರ್ನ್ ಇಲ್ಲ' ಎಂದು ದಾಖಲಾಗುತ್ತದೆ. ಪೂರ್ತಿ ಮೋಸದ ಆರ್ಡರೇ ಅವನ ಲೆಕ್ಕದಲ್ಲಿ ಶುದ್ಧ ಆರ್ಡರ್. ಆದ್ದರಿಂದ ಎಣಿಸಬೇಕಾದದ್ದು ಕೊಟ್ಟ ರಿಫಂಡ್ ಅಷ್ಟೇ ಅಲ್ಲ, ಕೇಳಿದ ರಿಫಂಡ್. ತಿರಸ್ಕಾರವಾದ ಕೋರಿಕೆಯೂ ಎಣಿಕೆಗೆ ಬರಬೇಕು.

ಕಂಪನಿಗಳು ತಮ್ಮಲ್ಲಿ ಮಾಪನ ಇದೆ ಎನ್ನುತ್ತವೆ. ಇದೆ, ಒಪ್ಪೋಣ. ಅಮೆಜಾನ್ 60 ದಿನಗಳ ಲೆಕ್ಕದಲ್ಲಿ ದೋಷದ ಆರ್ಡರ್ ಶೇ 1ಕ್ಕಿಂತ ಕಡಿಮೆ ಇರಬೇಕು ಎಂದು ಸೆಲ್ಲರ್‌ಗಳಿಗೆ ಹೇಳುತ್ತದೆ. ಅಲ್ಲಿ ದೋಷ ಅಂದರೆ ಮೂರು: ಕೆಟ್ಟ ಫೀಡ್‌ಬ್ಯಾಕ್, ಎ-ಟು-ಝಡ್ ಎಂಬ ಗ್ರಾಹಕ ಗ್ಯಾರಂಟಿಯ ಕ್ಲೇಮು, ಕ್ರೆಡಿಟ್ ಕಾರ್ಡ್ ಚಾರ್ಜ್‌ಬ್ಯಾಕ್. ಸದ್ದಿಲ್ಲದೆ ವಾಪಸ್ ತೆಗೆದುಕೊಂಡು ರಿಫಂಡ್ ಕೊಟ್ಟ ಸರಕು ಈ ಮೂರರಲ್ಲಿ ಎಲ್ಲೂ ಇಲ್ಲ. ನೂರಕ್ಕೆ ಮೂವತ್ತು ವಾಪಸ್ ಬಂದರೂ ಈ ಅಂಕಿ ಶೇ 1ರೊಳಗೆ ಇರಬಹುದು. ನಗದು ಕೊಟ್ಟವನಿಗೆ ಚಾರ್ಜ್‌ಬ್ಯಾಕ್ ಎಂಬುದೇ ಇಲ್ಲ, ಅವನ ಕೇಸಿನಲ್ಲಿ ಬ್ಯಾಂಕೇ ಇಲ್ಲವಲ್ಲ.

ಕಾರ್ಡ್ ಕೊಟ್ಟವನ ಕಥೆ ಇನ್ನೊಂದು. ತಿಂಗಳಿಗೆ 100 ಚಾರ್ಜ್‌ಬ್ಯಾಕ್ ಮತ್ತು ಶೇ 1.5ರ ದರ, ಎರಡೂ ದಾಟಿದ ವ್ಯಾಪಾರಿಯನ್ನು ಮಾಸ್ಟರ್‌ಕಾರ್ಡ್ 'ಅತಿಯಾದ ಚಾರ್ಜ್‌ಬ್ಯಾಕ್' ಪಟ್ಟಿಗೆ ಹಾಕಿ ದಂಡದ ದಾರಿ ಹಿಡಿಸುತ್ತದೆ. ಆದರೆ ಮಾರುಕಟ್ಟೆ ತಾನೇ ದುಡ್ಡು ವಸೂಲು ಮಾಡಿದಾಗ ಬ್ಯಾಂಕಿನ ಕಣ್ಣಿಗೆ ವ್ಯಾಪಾರಿ ಸೆಲ್ಲರ್ ಅಲ್ಲ, ಮಾರುಕಟ್ಟೆಯೇ. ಲೆಕ್ಕ ಹಾಕಿ ನೋಡಿ: ಒಬ್ಬ ಸೆಲ್ಲರ್‌ಗೆ 2,000 ಕಾರ್ಡ್ ಆರ್ಡರ್, 120 ಚಾರ್ಜ್‌ಬ್ಯಾಕ್, ಶೇ 6. ಇಡೀ ಮಾರುಕಟ್ಟೆಗೆ 20 ಲಕ್ಷ ಆರ್ಡರ್, 4,000 ಚಾರ್ಜ್‌ಬ್ಯಾಕ್, ಶೇ 0.2. ಕಾರ್ಡ್ ಕಂಪನಿಗೆ ಕಾಣುವುದು ಎರಡನೆಯದು. ಒಳ್ಳೆಯ ಸೆಲ್ಲರ್‌ಗಳ ಹಾಲಿನಲ್ಲಿ ಇವನ ನೀರು ಬೆರೆತು ಹೋಯಿತು.

ಹಾಗೂ ಹೀಗೂ ಒಬ್ಬನ ಖಾತೆ ಬಂದಾಯಿತು ಅನ್ನಿ. ಹದಿನೈದು ದಿನಕ್ಕೆ ಹೊಸ ಅಂಗಡಿ ಹೆಸರು, ಬೇರೆ ರಾಜ್ಯದ ಹೊಸ ಜಿಎಸ್‌ಟಿ ನಂಬರು, ಅದೇ ಸೀರೆ, ಅದೇ ಫೋಟೊ. ಹೊಸ ಲಿಸ್ಟಿಂಗ್‌ಗೆ ಹಳೆಯ ಒಂದು ಸ್ಟಾರ್‌ಗಳು ಹಿಂಬಾಲಿಸುವುದಿಲ್ಲ. ಆದರೆ ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮೂರನೆಯದರಿಂದ ಹನ್ನೆರಡನೆಯದರವರೆಗೆ ಪ್ಯಾನ್. ಮೊದಲ ಎರಡನ್ನು ಬದಲಿಸಿದವನು ನಡುವಿನ ಹತ್ತನ್ನು ಬದಲಿಸಲಾರ. ಅಂಗಡಿ ಹೆಸರನ್ನು ಹಿಡಿಯಬೇಡಿ, ಈ ಹತ್ತು ಅಕ್ಷರ ಹಿಡಿಯಿರಿ. ಹೆಂಡತಿ ಹೆಸರಿನ ಪ್ಯಾನ್ ಹಾಕುವವರೂ ಇದ್ದಾರೆ, ಗೊತ್ತು. ಅಲ್ಲಿ ಬ್ಯಾಂಕ್ ಖಾತೆ, ಪಿಕಪ್ ವಿಳಾಸ ಕೂಡಿಸಿ ನೋಡಿದರೆ ಆಯಿತು. ಸೆಲ್ಲರ್‌ಗೆ ಸಾಲದ ಆಫರ್ ಕಳಿಸುವಾಗ ಕಂಪನಿಗಳು ಇದನ್ನೆಲ್ಲ ಚೆನ್ನಾಗಿಯೇ ನೋಡುತ್ತವೆ.

'ಇಷ್ಟು ದತ್ತಾಂಶ ಕಲೆಹಾಕುವುದು ಕಷ್ಟ' ಎಂಬ ಟಿಪ್ಪಣಿ ತಮ್ಮ ಮೇಜಿಗೆ ಬರುತ್ತದೆ. ಅದು ಬಂದಾಗ ಹಣಕಾಸು ಸಚಿವಾಲಯಕ್ಕೆ ಒಂದು ಫೋನ್ ಮಾಡಿ. ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಪ್ರತಿ ಆನ್‌ಲೈನ್ ಮಾರುಕಟ್ಟೆಯೂ ಜಿಎಸ್‌ಟಿಆರ್-8 ಎಂಬ ತೆರಿಗೆ ಲೆಕ್ಕಪತ್ರ ಸಲ್ಲಿಸಬೇಕು. ಅದರಲ್ಲಿ ಒಬ್ಬೊಬ್ಬ ಸೆಲ್ಲರ್‌ನ ಜಿಎಸ್‌ಟಿ ನಂಬರಿನ ಎದುರು ಮಾರಿದ ಒಟ್ಟು ಮೌಲ್ಯ, ವಾಪಸ್ ಬಂದ ಮೌಲ್ಯ ಎಂದು ಬೇರೆ ಬೇರೆ ಕಾಲಂ ಇವೆ. ತೆರಿಗೆ ಹಿಡಿಯಲು ಈ ಅಂಕಿ ಬೇಕಾಗುತ್ತದೆ, ಗ್ರಾಹಕನಿಗೆ ತೋರಿಸಲು ಮಾತ್ರ ಕಷ್ಟವಾಗುತ್ತದೆ.

ಆ ಕಾಲಂ ಅನ್ನು ಹಾಗೆಯೇ ಎತ್ತಿ ಪುಟಕ್ಕೆ ಹಾಕಿ ಎನ್ನುವುದಿಲ್ಲ. ಹಾಕಿದರೆ ಮೊದಲು ಸಾಯುವವನು ಪ್ರಾಮಾಣಿಕ ನೇಕಾರ. ಮನೆಯಲ್ಲಿ ಯಾರೂ ಇಲ್ಲದೆ ಮರಳಿದ ಪಾರ್ಸೆಲ್, ಅಳತೆ ಹೊಂದದ ಬ್ಲೌಸು, ಮದುವೆಗೆ ಉಟ್ಟು ಮರುದಿನ ವಾಪಸ್ ಹಾಕಿದ ಸೀರೆ (ಅಂಥ ಗ್ರಾಹಕರೂ ನಮ್ಮಲ್ಲಿ ಕಡಿಮೆ ಇಲ್ಲ), ಇವು ಎಣಿಕೆಗೆ ಬರಬಾರದು. ನಾಲ್ಕು ಕಾರಣ ಸಾಕು: ವಿವರಿಸಿದ್ದು ಒಂದು ಬಂದದ್ದು ಒಂದು, ಹಾಳಾದದ್ದು, ನಕಲಿ, ಖಾಲಿ ಪೊಟ್ಟಣ. ವಾಪಸ್ ಹಾಕುವಾಗ ಆಪ್ ಕಾರಣ ಕೇಳಿಯೇ ಕೇಳುತ್ತದೆ. ಆಯಾ ವಿಭಾಗದ ಸರಾಸರಿಯೊಂದಿಗೆ ಹೋಲಿಸಿ, ಚಪ್ಪಲಿಯನ್ನು ಚಪ್ಪಲಿಗೆ, ಮಿಕ್ಸರನ್ನು ಮಿಕ್ಸರಿಗೆ. ದರ ಮೀರಿದವನ ದುಡ್ಡನ್ನು ರಿಟರ್ನ್ ಅವಧಿ ಮುಗಿಯುವವರೆಗೆ ಹಿಡಿದಿಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಎನ್ನುತ್ತೀರಿ. ಕನ್ನಡದಲ್ಲೇ ಮಾತಾಡುತ್ತಾರೆ, ಸಂತೋಷ. ದೂರು ಕಂಪನಿಗೆ ಹೋಗುತ್ತದೆ, ಕಂಪನಿ ಉತ್ತರ ಕೊಡುತ್ತದೆ, ಆ ಸೆಲ್ಲರ್ ಅಷ್ಟರಲ್ಲಿ ಇನ್ನೂ ನೂರು ಸೀರೆ ಕಳಿಸಿರುತ್ತಾನೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗೆ ಶುಲ್ಕವಿಲ್ಲ, ನಿಜ. 1,499ಕ್ಕಾಗಿ ಎಷ್ಟು ದಿನದ ಕೂಲಿ ಬಿಡಬೇಕು ಎಂದು ಆ ನಿಯಮದಲ್ಲಿ ಬರೆದಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಗುಣಮಟ್ಟ ಆದೇಶ ಮೀರಿದ 2,265 ಕುಕ್ಕರ್ ಮಾರಲು ಬಿಟ್ಟ ಒಂದು ದೊಡ್ಡ ಮಾರುಕಟ್ಟೆಗೆ, ಗ್ರಾಹಕರ ದುಡ್ಡು ಮರಳಿಸು ಎಂದು ಆದೇಶಿಸಿ ದಂಡವನ್ನೂ ಹಾಕಿತು. ಆ ಮಾರಾಟದಿಂದ ಕಂಪನಿಗೆ ಬಂದ ಕಮಿಷನ್ 6.14 ಲಕ್ಷ, ದಂಡ 1 ಲಕ್ಷ. ಬೆಚ್ಚಿಬಿದ್ದಿರಬೇಕು ಪಾಪ.

2021ರ ಜೂನ್‌ನಲ್ಲಿ ತಮ್ಮ ಇಲಾಖೆ ಒಂದು ಕರಡು ಹೊರಡಿಸಿತ್ತು: ಸೆಲ್ಲರ್ ಕೈಕೊಟ್ಟರೆ ಮಾರುಕಟ್ಟೆಯೇ ಹೊಣೆ. ತಮಗಿಂತ ಮೊದಲಿನ ಕಾಲದ್ದು, ಒಪ್ಪುತ್ತೇನೆ. ಅದನ್ನು ಇಡಿಯಾಗಿ ತನ್ನಿ ಎಂದೂ ಕೇಳುತ್ತಿಲ್ಲ. 5ನೇ ನಿಯಮ, 5ನೇ ಉಪನಿಯಮ, ಒಂದು ಸಾಲು. ದಾಖಲೆ ಪ್ಯಾನ್ ಮೇಲೆ, ದರ ಬೆಲೆಯ ಪಕ್ಕದಲ್ಲಿ, ತಿರಸ್ಕರಿಸಿದ ಕೋರಿಕೆಯೂ ಎಣಿಕೆಯಲ್ಲಿ.

ಮುಂದಿನ 10ನೇ ತಾರೀಖಿಗೆ ಮತ್ತೊಂದು ಕಂತು ಜಿಎಸ್‌ಟಿಆರ್-8 ಬರುತ್ತದೆ. ವಾಪಸ್ ಬಂದ ಮೌಲ್ಯದ ಕಾಲಂ ಒಮ್ಮೆ ತರಿಸಿಕೊಂಡು ನೋಡಿ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಗ್ರಾಹಕ