ಲೈಬ್ರರಿಯಿಂದ ಮನೆಗೆ ಇ-ರೀಡರ್: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಹಳೆ ವಿದ್ಯಾರ್ಥಿಗಳು ಕೊಟ್ಟ ದುಡ್ಡಿನಲ್ಲಿ ಲೈಬ್ರರಿಗೆ ಕೆಲವು ಇ-ರೀಡರ್ (ಡಿಜಿಟಲ್ ಪುಸ್ತಕ ಓದಲೆಂದೇ ಮಾಡಿದ ಪುಟ್ಟ ಸಾಧನ) ತರಿಸುತ್ತಿದ್ದೇವೆ. ಮುಂದಿನ ತಿಂಗಳಿಂದ ಪುಸ್ತಕದ ಹಾಗೆ ಇವನ್ನೂ ಮನೆಗೆ ಒಯ್ಯಬಹುದು. ಮಗುವಿನ ಹೆಸರಿಗಲ್ಲ, ಮನೆಯವರೆಲ್ಲರ ಹೆಸರಿಗೆ.

"ಅದೇ ದುಡ್ಡಿಗೆ ಟ್ಯಾಬ್ ಬರುತ್ತಲ್ವಾ ಮೇಡಂ?" ಎಂದು ಹಲವರು ಕೇಳಿದಿರಿ. ಬರುತ್ತದೆ. ಜೊತೆಗೆ ಯೂಟ್ಯೂಬೂ ಬರುತ್ತದೆ! ಇ-ರೀಡರ್‌ನಲ್ಲಿ ಓದುವುದು ಬಿಟ್ಟು ಹೆಚ್ಚೇನೂ ಮಾಡಲಾಗದು, ನಮಗೆ ಬೇಕಾದ್ದೂ ಅದೇ. ಬಿಸಿಲಲ್ಲಿ ಜಗಲಿ ಮೇಲೆ ಕೂತರೂ ಅಕ್ಷರ ಕಾಣುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ.

ಆರಿಸುವಾಗ ಜಾಸ್ತಿ ತಲೆನೋವಾಗಿದ್ದು ಕನ್ನಡದ್ದೇ. 2016ರಲ್ಲಿ ಅಮೆಜಾನ್ ತನ್ನ ಇ-ರೀಡರ್ ಆದ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಹೆಸರು ನೋಡಿ ಮರುಳಾಗದೆ, ಒಂದೊಂದರಲ್ಲೂ ಕನ್ನಡದ ಇಪಬ್ (ಇ-ಪುಸ್ತಕದ ಒಂದು ನಮೂನೆ) ಫೈಲ್ ಹಾಕಿ ಓದಿ ನೋಡಿದೆವು. ಒಂದರಲ್ಲಿ 'ಅಜ್ಜಿ' ಹೋಗಿ 'ಅಜ್‌ಜಿ' ಆಗಿದ್ದಳು. ಈಗಷ್ಟೇ ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ ಇದನ್ನು ಕೊಡೋದು ಹೇಗೆ? ಕೊನೆಗೆ ಒತ್ತು ಸರಿಯಾಗಿ ಕೂರುವ, ನಮಗೆ ಬೇಕಾದ ಫಾಂಟ್ ಹಾಕಿಕೊಳ್ಳಲು ಬಿಡುವ ಮಾಡೆಲ್ ಆರಿಸಿದೆವು.

ಪಠ್ಯಪುಸ್ತಕದ ಪಿಡಿಎಫ್ ಹಾಕಿಕೊಡಿ ಎಂದು ದಯವಿಟ್ಟು ಕೇಳಬೇಡಿ. ಆರು ಇಂಚಿನ ಪರದೆಯಲ್ಲಿ ಅದರ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ದೊಡ್ಡದು ಮಾಡಿದರೆ ಸಾಲು ಅರ್ಧ ಹೊರಗೆ. ಇಪಬ್ ಹಾಗಲ್ಲ, ಅಕ್ಷರ ಹಿಗ್ಗಿಸಿದಂತೆ ಸಾಲುಗಳೂ ಹೊಂದಿಕೊಳ್ಳುತ್ತವೆ. ಕನ್ನಡಕ ಹಾಕಿದರೂ ಪೇಪರ್ ಓದಲು ಕಷ್ಟಪಡುವ ತಾತ, ಅಜ್ಜಿ ಮನೆಯಲ್ಲಿದ್ದರೆ ಮೊದಲು ಅವರ ಕೈಗೆ ಕೊಡಿ.

ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನ ಕಥೆಗಳು, ದೊಡ್ಡವರಿಗೆ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನ ಹಳೆಯ ಪುಸ್ತಕಗಳು ಇರುತ್ತವೆ. ಎರಡೂ ಉಚಿತ, ಹಂಚಿಕೊಳ್ಳಲು ಅನುಮತಿ ಇರುವಂಥವು. ಚಿತ್ರಗಳು ಮಾತ್ರ ಕಪ್ಪು-ಬಿಳುಪು. ಹಾಗಾಗಿ ಒಂದು, ಎರಡನೇ ಕ್ಲಾಸಿನವರಿಗೆ ಕಾಗದದ ಪುಸ್ತಕವೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಯಾವ ಅಂಗಡಿಯ ಖಾತೆಯನ್ನೂ ಜೋಡಿಸಿಲ್ಲ, ಮಕ್ಕಳು ಏನೋ ಒತ್ತಿ ದುಡ್ಡು ಹೋಗುವ ಭಯ ಬೇಡ.

ಪರದೆ ನಾಜೂಕು. ಬ್ಯಾಗಿನಲ್ಲಿ ಟಿಫಿನ್ ಬಾಕ್ಸ್ ಕೆಳಗೆ ಸಿಕ್ಕರೆ ಒಳಗೇ ಬಿರುಕು ಬಿಡುತ್ತದೆ. ಆದ್ದರಿಂದ ಮಕ್ಕಳ ಕೈಲಿ ಕಳಿಸುವುದಿಲ್ಲ, ನೀವೇ ಬಂದು ಒಯ್ದು ನೀವೇ ತಂದುಕೊಡಬೇಕು. ಅಕಸ್ಮಾತ್ ಒಡೆದರೆ ದುಡ್ಡು ಕೇಳುವುದಿಲ್ಲ. ಮುಚ್ಚಿಡದೆ ಹೇಳಿ, ಸಾಕು.

ಬೇಕಾದವರು ಶನಿವಾರ ಶಾಲೆ ಬಿಟ್ಟ ಮೇಲೆ ಲೈಬ್ರರಿಗೆ ಬಂದು ಹೆಸರು ಬರೆಸಿ. ಒಂದು ಮನೆಗೆ ಎರಡು ವಾರ. ವಾಪಸ್ ತರುವಾಗ ಚಾರ್ಜಿಂಗ್ ವೈರ್ ಮರೆಯಬೇಡಿ.

ಇಂತಿ,
ಮುಖ್ಯ ಶಿಕ್ಷಕಿ